ಬಾರದ ವಾರ ಯಾರು ಕೇಳುತ್ತಾರೆ: ನಮ್ಮ ಮನೆಕೂಟದ ರಿವ್ಯೂ

ನಮ್ಮ ಸಭೆಯ, ಅಂದರೆ ಚರ್ಚಿನ, ವಾರದ ಹಾಳೆಯಲ್ಲಿ ಕೊನೆಗೆ ಮನೆಕೂಟಗಳ (ಯಾರಾದರೊಬ್ಬರ ಮನೆಯಲ್ಲಿ ವಾರವಾರ ಸೇರುವ ಚಿಕ್ಕ ಪ್ರಾರ್ಥನಾ ಗುಂಪುಗಳ) ಪಟ್ಟಿ ಇರುತ್ತದೆ. ಅದರ ಮೇಲೆ ದಪ್ಪಕ್ಷರದಲ್ಲಿ ‘ಅತಿಥಿಯಾಗಿ ಬನ್ನಿ, ಕುಟುಂಬದವರಾಗಿ ಉಳಿಯಿರಿ’ ಅಂತ ಹಾಕಿದ್ದಾರೆ. ಕುಟುಂಬ ಅನ್ನುವ ಮಾತನ್ನು ಈಗ ಬ್ಯಾಂಕಿನವರೂ ಹೇಳುತ್ತಾರೆ, ಇನ್ಶೂರೆನ್ಸಿನವರೂ ಹೇಳುತ್ತಾರೆ. ಅವರು ಹೇಳಿದರೆ ನಕ್ಕು ಸುಮ್ಮನಾಗಬಹುದು. ಸಭೆಯವರು ಹೇಳಿದರೆ ನಂಬಿ ಹೋಗುವವರು ಇರುತ್ತಾರೆ, ಅದೂ ಮನೆಯಲ್ಲಿ ಯಾರೂ ಇಲ್ಲದವರೇ ಹೆಚ್ಚು. ಅಂಥವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧ ನೈಟ್ ಡ್ಯೂಟಿ. ಮದುವೆಯಾಗಿಲ್ಲ, ಅಪ್ಪ ಅಮ್ಮ ಇಲ್ಲ. ಅಣ್ಣ ಒಬ್ಬನಿದ್ದಾನೆ, ದೂರದಲ್ಲಿದ್ದಾನೆ. ಹಬ್ಬಕ್ಕೆ, ಹುಟ್ಟಿದ ದಿನಕ್ಕೆ ಫೋನ್ ಮಾಡುತ್ತಾನೆ. ಕೆಲಸ ಬದಲಾದಾಗೆಲ್ಲ ಸಭೆಯೂ ಬದಲಾಗಿದೆ. ಆದ್ದರಿಂದ ಮನೆಕೂಟ, ಸೆಲ್ ಗ್ರೂಪು, ಪ್ರಾರ್ಥನಾಕೂಟ ಅಂತ ಬೇರೆ ಬೇರೆ ಹೆಸರಿನವುಗಳಲ್ಲಿ ಕೂತು ನೋಡಿದ ಅನುಭವ ಸಾಕಷ್ಟಿದೆ. ಅದರಿಂದ ನನಗೆ ಒಂದು ಅಳತೆಗೋಲು ಸಿಕ್ಕಿದೆ. ಕೂಟಕ್ಕೆ ಬಂದವರನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ನಾನು ನೋಡುವುದಿಲ್ಲ. ಬಾರದವರ ವಿಷಯದಲ್ಲಿ ಏನು ಮಾಡುತ್ತಾರೆ ಅಂತ ನೋಡುತ್ತೇನೆ.

ಬಂದವರನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹಿಂದೆ ಹೋಗುತ್ತಿದ್ದ ಒಂದು ದೊಡ್ಡ ಸಭೆಯಲ್ಲಿ ಹೊಸಬರಿಗೆ ಅಂತಲೇ ಮುಂದಿನ ಸಾಲು, ಒಂದು ಕಾರ್ಡು, ಒಂದು ಪೆನ್ನು. ಹೆಸರು, ನಂಬರು, ಹುಟ್ಟಿದ ದಿನ ಎಲ್ಲ ಬರೆಸಿಕೊಂಡರು. ಸ್ಟೇಜಿನಿಂದ ಹೆಸರು ಕರೆದು ಚಪ್ಪಾಳೆ ತಟ್ಟಿಸಿದರು. ಆಮೇಲೆ ನನ್ನನ್ನು ಐಸಿಯು ಡ್ಯೂಟಿಗೆ ಹಾಕಿದ್ದರಿಂದ ನಾನು ಬಹಳ ಕಾಲ ಅತ್ತ ತಲೆ ಹಾಕಲಾಗಲಿಲ್ಲ. ಆ ನಂಬರಿಗೆ ಅವರಿಂದ ಬಂದದ್ದು ಒಂದೇ ಮೆಸೇಜು, ಕಟ್ಟಡದ ನಿಧಿಯದು.

ಈಗ ಹೋಗುವ ಮನೆಕೂಟದ ಕಥೆ ಬೇರೆ. ಒಂದು ಸಾಧಾರಣ ಮನೆಯ ಮೊದಲ ಮಹಡಿಯ ಹಾಲ್. ಹತ್ತು ಹನ್ನೆರಡು ಜನ. ಮೂರು ಥರದ ಕುರ್ಚಿ, ಒಂದು ದಿವಾನ, ಉಳಿದವರಿಗೆ ಚಾಪೆ. ಎರಡು ಹಾಡು, ಬೈಬಲಿನ ಒಂದು ವಾಕ್ಯಭಾಗ, ಅದರ ಮೇಲೆ ಮಾತು, ಆಮೇಲೆ ಪ್ರಾರ್ಥನೆ. ಹಾಡುವಾಗ ಕೀಬೋರ್ಡ್ ಇಲ್ಲ, ಶ್ರುತಿಯೂ ಇಲ್ಲ. ಆರಾಧನೆಯ ಸೊಗಸು ಬೇಕಾದವರು ಭಾನುವಾರವೇ ಅದನ್ನು ಮುಗಿಸಿಕೊಂಡು ಬರುವುದು ಒಳ್ಳೆಯದು. ಕಾಣಿಕೆ ಎತ್ತುವುದಿಲ್ಲ.

ಈ ಕೂಟದ ನಿಜವಾದ ಆಸ್ತಿ ಅಂದರೆ ನಾಯಕರ ಕೈಯಲ್ಲಿರುವ ಒಂದು ಉದ್ದ ರಿಜಿಸ್ಟರ್. ಅವರು ನಿವೃತ್ತ ಮೇಷ್ಟ್ರು, ಎಲ್ಲರೂ ಅವರನ್ನು ಮೇಷ್ಟ್ರೇ ಅಂತಲೇ ಕರೆಯುವುದು. ಹಾಜರಿ ಪುಸ್ತಕದ ಅಭ್ಯಾಸ ಅವರಿಗೆ ಹೋಗಿಲ್ಲ. ಪುಟದ ಎಡಕ್ಕೆ ತಾರೀಖು, ಹೆಸರು, ಪ್ರಾರ್ಥನೆಯ ವಿಷಯ. ಬಲಕ್ಕೆ ಒಂದು ಖಾಲಿ ಕಾಲಂ, ಅದರ ತಲೆಗೆ ‘ಏನಾಯಿತು?’ ಅಂತ ಬರೆದಿರುತ್ತದೆ. ಪ್ರಾರ್ಥನೆ ಶುರುವಾಗುವ ಮೊದಲು ಹಳೆಯ ಪುಟಗಳನ್ನು ತಿರುವಿ ಬಲಗಡೆ ಖಾಲಿ ಉಳಿದದ್ದನ್ನೆಲ್ಲ ಕೇಳುತ್ತಾರೆ. ‘ಸ್ಕ್ಯಾನ್ ರಿಪೋರ್ಟ್ ಬಂತಾ?’ ‘ಬಾಡಿಗೆ ಮನೆಯವರು ಅಡ್ವಾನ್ಸ್ ವಾಪಸ್ ಕೊಟ್ಟರಾ?’ ನಾನು ಹೊಸದರಲ್ಲಿ, ಹೇಳಲು ಬೇರೇನೂ ತೋಚದೆ, ವಾರ್ಡಿನ ಇನ್‌ಚಾರ್ಜ್ ಜೊತೆ ಸರಿಹೋಗುತ್ತಿಲ್ಲ, ಪ್ರಾರ್ಥಿಸಿ ಅಂದಿದ್ದೆ. ಅದನ್ನು ನಾನೇ ಮರೆತುಬಿಟ್ಟಿದ್ದೆ. ತಿಂಗಳುಗಳ ಮೇಲೆ ಮೇಷ್ಟ್ರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ‘ಏನಮ್ಮಾ, ನಿಮ್ಮ ಇನ್‌ಚಾರ್ಜ್ ಸಿಸ್ಟರ್ ಈಗ ಹೇಗಿದ್ದಾರೆ?’ ಅಂತ ಕೇಳಿದರು. ‘ಹಾಗೇ ಇದ್ದಾರೆ’ ಅಂದೆ. ಬಲಗಡೆ ಕಾಲಂನಲ್ಲಿ ‘ಹಾಗೇ ಇದ್ದಾರೆ’ ಅಂತಲೇ ಬರೆದುಕೊಂಡರು. ದೇವರು ಉತ್ತರ ಕೊಡದಿದ್ದುದನ್ನೂ ದಾಖಲೆ ಮಾಡುವ ಕೂಟವನ್ನು ನಾನು ಬೇರೆಲ್ಲೂ ನೋಡಿಲ್ಲ.

ಅದೇ ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ ಬಾರದವರ ಹೆಸರು. ಪ್ರತಿ ಹೆಸರಿನ ಮುಂದೆ ಮರುದಿನ ಯಾರು ಫೋನ್ ಮಾಡಬೇಕು ಅನ್ನುವುದನ್ನು ಅಲ್ಲೇ ಗೊತ್ತು ಮಾಡುತ್ತಾರೆ.

ಈ ಪದ್ಧತಿ ಮೇಷ್ಟ್ರು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ ಮೆಥಡಿಸ್ಟ್ ಎಂಬ ಕ್ರೈಸ್ತ ಚಳವಳಿಯ ಇತಿಹಾಸ ಓದಿದವರಿಗೆ ಇದರ ಬೇರು ಗೊತ್ತಿರುತ್ತದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆ ಚಳವಳಿಯ ಮುಖಂಡ ಜಾನ್ ವೆಸ್ಲಿಯವರ ಸಂಘಕ್ಕೆ ಕೂಟದ ಕಟ್ಟಡ ಕಟ್ಟಿದ ಸಾಲ ತಲೆಯ ಮೇಲಿತ್ತು. ಎಲ್ಲರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಅಂತ ತೀರ್ಮಾನವಾಯಿತು. ಬಡವರಿಗೆ ಅದೂ ಕಷ್ಟ ಅಂತ ಒಬ್ಬರು ಆಕ್ಷೇಪಿಸಿದರು. ಆಗ ಫಾಯ್ ಎಂಬ ಕ್ಯಾಪ್ಟನ್ ಎದ್ದು, ತೀರ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ಅವರ ಕೈಲಾಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ ಅಂದ. ಹೀಗೆ ಸುಮಾರು ಹನ್ನೆರಡು ಜನರ ಗುಂಪುಗಳು, ಒಂದೊಂದಕ್ಕೆ ಒಬ್ಬ ನಾಯಕ. ಪೆನ್ನಿ ವಸೂಲಿಗೆ ಮನೆಮನೆಗೆ ಹೋದ ನಾಯಕರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಕುಡಿತ, ಜಗಳ ಅನ್ನುವುದೆಲ್ಲ ಕಣ್ಣಿಗೆ ಬೀಳತೊಡಗಿತು. ತಾವು ಬಹುಕಾಲದಿಂದ ಹುಡುಕುತ್ತಿದ್ದದ್ದು ಇದೇ ಅಂತ ವೆಸ್ಲಿಯವರಿಗೆ ಅನ್ನಿಸಿತು. ಮರುವರ್ಷ, 1743ರಲ್ಲಿ, ಸಂಘದ ನಿಯಮಗಳನ್ನು ಅಚ್ಚು ಹಾಕಿಸಿದಾಗ, ನಾಯಕ ತನ್ನ ಗುಂಪಿನ ಒಬ್ಬೊಬ್ಬರನ್ನೂ ವಾರಕ್ಕೆ ಒಮ್ಮೆಯಾದರೂ ಕಾಣಬೇಕು ಅಂತ ಅದರಲ್ಲಿ ಸೇರಿಸಿದರು. ಸಾಲ ತೀರಿಸಲು ಹುಟ್ಟಿದ ಏರ್ಪಾಡು ಕೊನೆಗೆ ಆ ಚಳವಳಿಯ ಬೆನ್ನುಮೂಳೆಯಾಯಿತು. ನನಗೆ ಇದು ಬಹಳ ಹಿಡಿಸುತ್ತದೆ. ಪ್ರೀತಿ ಮಾಡೋಣ ಅಂತ ಗುಂಪು ಕಟ್ಟಿದವರಲ್ಲ ಅವರು, ಬಾಕಿ ಕೇಳಲು ಬಾಗಿಲು ತಟ್ಟಿದವರು.

ಕ್ರೈಸ್ತರು ಮನೆಯಲ್ಲಿ ಕೂಡುವುದು ಅದಕ್ಕಿಂತ ಬಹಳ ಹಳೆಯದು ಬಿಡಿ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ ಹನ್ನೆರಡನೆಯ ಅಧ್ಯಾಯದಲ್ಲಿ ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಜನ ಸೇರಿ, ಸೆರೆಯಲ್ಲಿದ್ದ ಶಿಷ್ಯ ಪೇತ್ರನಿಗಾಗಿ ಪ್ರಾರ್ಥಿಸುತ್ತಿರುತ್ತಾರೆ. ಅಷ್ಟರಲ್ಲಿ ಪೇತ್ರನೇ ಬಿಡುಗಡೆಯಾಗಿ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಅನ್ನುವ ಹುಡುಗಿ ಧ್ವನಿ ಗುರುತಿಸಿ, ಖುಷಿಯಲ್ಲಿ ಬಾಗಿಲು ತೆಗೆಯುವುದನ್ನೇ ಬಿಟ್ಟು ಒಳಗೆ ಓಡುತ್ತಾಳೆ. ಒಳಗಿದ್ದವರು ನಿನಗೆ ಹುಚ್ಚು ಅನ್ನುತ್ತಾರೆ. ಯಾರಿಗಾಗಿ ಪ್ರಾರ್ಥನೆ ನಡೆದಿದೆಯೋ ಅವನೇ ಹೊರಗೆ ನಿಂತು ತಟ್ಟುತ್ತಲೇ ಇರುತ್ತಾನೆ. ಎಷ್ಟೋ ಕೂಟಗಳಲ್ಲಿ ಕೂತಾಗ ನನಗೆ ಈ ಕಥೆ ನೆನಪಾಗಿದೆ.

ನಮ್ಮ ಕೂಟ ಬಾಗಿಲು ತೆಗೆಯುತ್ತದೆಯೇ? ನನಗೆ ವೈರಲ್ ಜ್ವರ ಬಂದಾಗ ಗೊತ್ತಾಯಿತು. ಆ ವಾರ ಹೋಗಿರಲಿಲ್ಲ. ಡ್ಯೂಟಿ ಇರಬಹುದು ಅಂತ ಅವರು ಅಂದುಕೊಳ್ಳಬಹುದಿತ್ತು, ಯಾಕೆಂದರೆ ನಾನು ತಪ್ಪಿಸಿಕೊಳ್ಳುವುದು ಹೆಚ್ಚು. ಮರುದಿನ ಬೆಳಿಗ್ಗೆ ಕೂಟದ ಆಂಟಿಯೊಬ್ಬರ ಫೋನು. ನನ್ನ ಗಂಟಲು ಕೇಳಿ, ‘ಡ್ಯೂಟಿ ಅಲ್ಲ ಇದು’ ಅಂದು ಇಟ್ಟುಬಿಟ್ಟರು. ಒಂದು ಗಂಟೆಯಲ್ಲಿ ಬಾಗಿಲಲ್ಲಿದ್ದರು. ನನ್ನ ಹತ್ತಿರ ಥರ್ಮಾಮೀಟರ್ ಇದೆ, ಪ್ಯಾರಾಸಿಟಮಾಲ್ ಇದೆ, ಎಷ್ಟು ನೀರು ಕುಡಿಯಬೇಕು ಅಂತ ಬೇರೆಯವರಿಗೆ ದಿನಾ ಹೇಳುತ್ತೇನೆ. ನನ್ನಿಂದ ಆಗದೆ ಇದ್ದದ್ದು ಬೆವರಿಗೆ ತೊಯ್ದ ಬೆಡ್‌ಶೀಟ್ ಬದಲಿಸುವುದು. ಆಂಟಿ ನನ್ನನ್ನು ಕುರ್ಚಿಗೆ ದಾಟಿಸಿ ಶೀಟ್ ಎಳೆದು ಹಾಸಿದರು. ಮೂಲೆ ಮಡಚಿದ್ದು ಪೂರ್ತಿ ತಪ್ಪು. ನಮ್ಮ ಟ್ಯೂಟರ್ ನೋಡಿದ್ದರೆ ಇಡೀ ಹಾಸಿಗೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ವಚನ ಹೇಳಲಿಲ್ಲ, ಉಪದೇಶ ಮಾಡಲಿಲ್ಲ. ಸಂಜೆ ಹೊರಡುವಾಗ ತಲೆಯ ಮೇಲೆ ಕೈಯಿಟ್ಟು ಅರ್ಧ ನಿಮಿಷ ಪ್ರಾರ್ಥಿಸಿದರು, ‘ಇನ್ನೊಂದು ಕೀ ಇದ್ದರೆ ಕೊಡು, ನಾಳೆ ನೀನು ಏಳೋದು ಬೇಡ’ ಅಂದರು. ಆ ಕೀ ಇನ್ನೂ ಅವರ ಬಳಿಯೇ ಇದೆ.

ಇದಾದ ಮೇಲೆ ಆಸ್ಪತ್ರೆಯಲ್ಲಿ ಸಿಬ್ಬಂದಿಯ ವಿವರ ಹೊಸದಾಗಿ ತುಂಬಿಸಿಕೊಂಡರು. ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಅನ್ನುವ ಕಾಲಂ ಇರುತ್ತದಲ್ಲ. ರೋಗಿಗಳಿಂದ ಅದನ್ನು ತುಂಬಿಸುವುದು ನನ್ನ ದಿನದ ಕೆಲಸ, ಅಲ್ಲಿ ಬಂದು ತಡವರಿಸುವವರನ್ನು ಎಷ್ಟೋ ನೋಡಿದ್ದೇನೆ. ನಾನು ಇಷ್ಟು ದಿನ ಅಣ್ಣನ ಹೆಸರು ಹಾಕುತ್ತಿದ್ದೆ. ಅವನು ಬರುವಷ್ಟರಲ್ಲಿ ತುರ್ತು ಮುಗಿದಿರುತ್ತದೆ. ಈ ಸಲ ಆಂಟಿಯ ಹೆಸರು ಹಾಕಿದೆ. ‘ಸಂಬಂಧ’ ಅನ್ನುವಲ್ಲಿ ಖಾಲಿ ಬಿಟ್ಟೆ. ಆಫೀಸಿನ ಹುಡುಗ ‘ಏನಾಗಬೇಕು ಮೇಡಂ ಇವರು?’ ಅಂತ ಕೇಳಿದ. ‘ಸಭೆಯವರು’ ಅಂದೆ. ಅವನು ಕಂಪ್ಯೂಟರಿನಲ್ಲಿ ಆ ಆಯ್ಕೆ ಇಲ್ಲ ಅಂದು ‘ಇತರೆ’ ಒತ್ತಿದ.

ಬೈಬಲಿನಲ್ಲಿ, ಯೇಸುವಿನ ಸಂದೇಶ ಸಾರುತ್ತ ತಿರುಗಿದ ಪೌಲ ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ಬಹಳಷ್ಟು ಜನ ಓದದೆ ದಾಟಿಸುತ್ತಾರೆ, ಬರೀ ಹೆಸರುಗಳು ಅಂತ. ಅದರ ಹದಿಮೂರನೆಯ ವಚನದಲ್ಲಿ ರೂಫನಿಗೆ ವಂದನೆ ಹೇಳಿ, ಅವನ ತಾಯಿಗೂ ಹೇಳಿ, ಆಕೆ ನನಗೂ ತಾಯಿಯೇ ಅನ್ನುತ್ತಾನೆ. ಆಕೆಯ ಹೆಸರೂ ಇಲ್ಲ, ಆಕೆ ಅವನಿಗೆ ಏನು ಮಾಡಿದಳು ಅನ್ನುವುದೂ ಇಲ್ಲ. ಊರೂರು ಅಲೆಯುತ್ತಿದ್ದ, ಸಂಸಾರವಿಲ್ಲದ ಮನುಷ್ಯ ಆತ. ಎಲ್ಲೋ ಒಮ್ಮೆ ಮಲಗಿದ್ದಾಗ ಆಕೆ ನೋಡಿಕೊಂಡಿರಬೇಕು ಅಂತ ನಾನು ಊಹಿಸಿಕೊಳ್ಳುತ್ತೇನೆ. ನರ್ಸ್ ಊಹೆ, ಇದಕ್ಕೆ ಆಧಾರ ಕೇಳಬೇಡಿ.

ಇನ್ನು ದೂರುಗಳು. ಇವೂ ಇವೆ, ಸಣ್ಣವೇನಲ್ಲ.

ಒಂದೂವರೆ ಗಂಟೆ ಅಂತ ಹಾಳೆಯಲ್ಲಿದೆ, ಅಷ್ಟರಲ್ಲಿ ಎಂದೂ ಮುಗಿಯುವುದಿಲ್ಲ. ಮೇಷ್ಟ್ರಿಗೆ ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ ಹುಚ್ಚು. ಯಾವ ವಾಕ್ಯಭಾಗ ತೆಗೆದರೂ ಏಳು ಮುದ್ರೆ, ಏಳು ತುತ್ತೂರಿಗೆ ಬಂದು ನಿಲ್ಲುತ್ತಾರೆ. ನೈಟ್ ಡ್ಯೂಟಿಗೆ ಹೋಗಬೇಕಾದವರು ಬಾಗಿಲ ಪಕ್ಕದ ಕುರ್ಚಿ ಹಿಡಿಯುವುದು ಲೇಸು.

ಮದುವೆಯಾಗದವರಿಗೆ ಇಲ್ಲಿ ಒಂದು ವಿಶೇಷ ಸಂಕಟವಿದೆ. ನಾನು ಏನು ಕೇಳಿಕೊಂಡರೂ, ಪ್ರಾರ್ಥಿಸುವವರು ಕೊನೆಯಲ್ಲಿ ‘ಈಕೆಗೆ ತಕ್ಕ ವರನನ್ನೂ ಒದಗಿಸು ಕರ್ತನೇ’ ಅಂತ ಒಂದು ಸಾಲು ಅಂಟಿಸುತ್ತಿದ್ದರು. ಕಣ್ಣು ಮುಚ್ಚಿರುವಾಗ ವಾದ ಮಾಡಲು ಬರುವುದಿಲ್ಲ. ಮೇಷ್ಟ್ರಿಗೆ ಹೇಳಿದೆ, ಅವರು ಎಲ್ಲರ ಮುಂದೆ, ‘ಕೇಳದ್ದನ್ನು ಬರೆದುಕೊಳ್ಳಲು ರಿಜಿಸ್ಟರಿನಲ್ಲಿ ಜಾಗವಿಲ್ಲ’ ಅಂದರು. ಸದ್ಯಕ್ಕೆ ನಿಂತಿದೆ. ಯೇಸುವೂ ಪೌಲನೂ ಒಂಟಿಯಾಗಿದ್ದವರು ಅನ್ನುವುದು ನಮ್ಮ ಸಭೆಗಳಿಗೆ ಯಾಕೋ ನೆನಪೇ ಇರುವುದಿಲ್ಲ.

ಗುಟ್ಟು ನಿಲ್ಲುವುದಿಲ್ಲ, ಇದು ಎಲ್ಲಕ್ಕಿಂತ ದೊಡ್ಡ ದೂರು. ಒಬ್ಬರು ಅಳುತ್ತ ತಮ್ಮ ಮಗನ ಸಾಲದ ವಿಷಯ ಹೇಳಿದ್ದರು. ಭಾನುವಾರದ ಹೊತ್ತಿಗೆ ಅದು ಬೇರೆ ಕೂಟದವರ ಬಾಯಲ್ಲಿತ್ತು, ‘ಪ್ರಾರ್ಥನೆಗಾಗಿ ಹೇಳ್ತಿದ್ದೀನಿ’ ಅನ್ನುವ ಮುನ್ನುಡಿಯೊಂದಿಗೆ. ಆಸ್ಪತ್ರೆಯಲ್ಲಿ ರೋಗಿಯ ವಿಷಯ ಹೀಗೆ ಹೊರಗೆ ಹೋದರೆ ಮೆಮೊ ಬರುತ್ತದೆ. ಇಲ್ಲಿ ಬೈಬಲಿನ ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯ ಇದೆ: ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆಯೇ ಸಭೆಗೆ ತಿಳಿಸು. ಆ ಅಮ್ಮ ಮೊದಲನೆಯ ಹೆಜ್ಜೆ ಇಟ್ಟರು, ಹೊರಗೆ ಹೇಳಿದಾಕೆಯ ಮನೆಗೇ ಹೋದರು. ಆಕೆ ಕ್ಷಮೆ ಕೇಳಿದಳು. ಈಗ ಇಬ್ಬರೂ ಬರುತ್ತಾರೆ, ಪಕ್ಕದಲ್ಲಿ ಕೂರುವುದಿಲ್ಲ. ಅರ್ಧ ಗುಣವಾದ ಗಾಯ. ಅಂದಿನಿಂದ ಕೂಟದಲ್ಲಿ ಒಂದು ನಿಯಮ ಬಂದಿದೆ: ಇಲ್ಲಿ ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಕಾದರೆ ಹೇಳಿದವರನ್ನೇ ಕೇಳಿ ಹೇಳಬೇಕು. ನಿಯಮವಿದೆ ಅಂದಮಾತ್ರಕ್ಕೆ ಬಾಯಿ ಮುಚ್ಚುತ್ತದೆ ಅಂತ ನಾನು ಭರವಸೆ ಕೊಡಲಾರೆ. ಮೊದಮೊದಲು ಸಣ್ಣದನ್ನೇ ಹೇಳಿ ನೋಡಿ.

ಕೊರಿಂಥದ ಸಭೆಯವರು ಕರ್ತನ ಭೋಜನಕ್ಕೆ ಕೂಡಿದಾಗ ಒಬ್ಬ ಹಸಿದಿದ್ದರೆ ಇನ್ನೊಬ್ಬ ಕುಡಿದು ಮತ್ತನಾಗಿರುತ್ತಿದ್ದ. ಪೌಲ ಬೈದು ಬರೆದಿದ್ದಾನೆ. ಅವರಿಗೆ ಹೋಲಿಸಿದರೆ ನಾವು ವಾಸಿ ಅಂತ ಮೇಷ್ಟ್ರು ಆಗಾಗ ಸಮಾಧಾನ ಹೇಳುತ್ತಾರೆ.

ಹೊಸಬರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಸಭೆಯನ್ನು ಕುಟುಂಬ ಅನ್ನುವವರು ಕೆಲವರು, ಹುಟ್ಟಿದ ಕುಟುಂಬವನ್ನು ಬಿಡಿಸಲು ಆ ಮಾತನ್ನು ಬಳಸುತ್ತಾರೆ. ಅಂಥ ಗುಂಪಿನಲ್ಲಿ ನಾಯಕನನ್ನು ಪ್ರಶ್ನೆ ಕೇಳುವಂತಿಲ್ಲ, ಸಂಬಳದ ಲೆಕ್ಕ ಒಪ್ಪಿಸಬೇಕು, ಮನೆಗೆ ಹೋಗಬೇಕಾದರೂ ಅನುಮತಿ ಬೇಕು. ಇದರಲ್ಲಿ ಯಾವುದೇ ಒಂದು ಕಂಡರೂ ಹೊರಟು ಬನ್ನಿ, ಕಾರಣ ಹೇಳುವ ಸೌಜನ್ಯವೂ ಬೇಕಿಲ್ಲ. ನಮ್ಮ ಕೂಟಕ್ಕೆ ಬರುವ ಒಬ್ಬ ಕಾಲೇಜು ಹುಡುಗ ಹೊಸ ವಿಶ್ವಾಸಿ, ಅಂದರೆ ಹೊಸದಾಗಿ ಕ್ರೈಸ್ತ ನಂಬಿಕೆಗೆ ಬಂದವನು. ಮನೆಯವರು ಅವನೊಂದಿಗೆ ಸರಿಯಾಗಿ ಮಾತಾಡುತ್ತಿಲ್ಲ. ಅವನು ಒಮ್ಮೆ ಹುರುಪಿನಲ್ಲಿ, ಇನ್ನು ನೀವೇ ನನಗೆ ಮನೆಯವರು ಅಂದ. ಮೇಷ್ಟ್ರು ಹೊಗಳಲಿಲ್ಲ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯ ತೆಗೆಸಿದರು: ತಂದೆತಾಯಿಗೆ ಕೊಡಬೇಕಾದ್ದನ್ನು ‘ಕೊರ್ಬಾನ್’, ದೇವರಿಗೆ ಮುಡಿಪು, ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಗದರುವ ಭಾಗ. ಶಿಲುಬೆಯ ಮೇಲಿಂದಲೂ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದ್ದನ್ನು ಯೋಹಾನ ಬರೆದಿದ್ದಾನೆ ಅಂತ ನೆನಪಿಸಿದರು. ಆಮೇಲೆ, ‘ಕೂಟ ಮುಗಿಯೋದ್ರೊಳಗೆ ಹೊರಗೆ ಹೋಗಿ ಅಮ್ಮನಿಗೆ ಒಂದು ಫೋನ್ ಮಾಡ್ಕೊಂಡು ಬಾ’ ಅಂದರು. ಅಮ್ಮ ಎತ್ತಲಿಲ್ಲವಂತೆ. ರಿಜಿಸ್ಟರಿನಲ್ಲಿ ಆ ಸಾಲಿನ ಬಲಗಡೆ ಇನ್ನೂ ಖಾಲಿ ಇದೆ, ಮೇಷ್ಟ್ರು ತಪ್ಪದೆ ಕೇಳುತ್ತಾರೆ, ಅವನು ತಪ್ಪದೆ ಫೋನ್ ಮಾಡುತ್ತಾನೆ.

ಅದೇ ಮಾರ್ಕನ ಹತ್ತನೆಯ ಅಧ್ಯಾಯದಲ್ಲಿ, ನನಗಾಗಿ ಮನೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಿ, ತಂದೆ, ಮಕ್ಕಳನ್ನು ಬಿಟ್ಟವರಿಗೆ ನೂರರಷ್ಟು ಸಿಗುತ್ತದೆ ಅನ್ನುವ ಮಾತಿದೆ. ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ಹೇಳುವವರು ಇದನ್ನು ಬಹಳ ಇಷ್ಟಪಡುತ್ತಾರೆ. ಸಿಗುವವುಗಳ ಪಟ್ಟಿಯ ಕೊನೆಗೆ ‘ಹಿಂಸೆಗಳ ಸಮೇತ’ ಅಂತಲೂ ಇದೆ. ಆ ಹುಡುಗನನ್ನು ನೋಡುವಾಗ ಆ ಭಾಗವನ್ನು ನುಂಗಿಬಿಡಬಾರದು ಅನ್ನಿಸುತ್ತದೆ.

ಡ್ಯೂಟಿಯ ವಾರಗಳಿಗೆ ನಾವು ಕೆಲವರು ಯೂವರ್ಷನ್ ಬೈಬಲ್ ಆಪ್ ಇಟ್ಟುಕೊಂಡಿದ್ದೇವೆ. 2008ರಿಂದ ಇದೆ, ಉಚಿತ, ಕನ್ನಡ ಸತ್ಯವೇದವೂ ಸಿಗುತ್ತದೆ. ಸ್ನೇಹಿತರನ್ನು ಸೇರಿಸಿಕೊಂಡು ಒಂದೇ ಓದಿನ ಯೋಜನೆ ಹಿಡಿಯಬಹುದು, ದಿನದ ಭಾಗ ಮುಗಿದ ಮೇಲೆ ಅನ್ನಿಸಿದ್ದನ್ನು ಬರೆಯಬಹುದು. ರಾತ್ರಿ ಮೂರು ಗಂಟೆಗೆ ವಾರ್ಡ್ ತಣ್ಣಗಿದ್ದಾಗ ಆಂಟಿ ಬರೆದ ಎರಡು ಸಾಲು ಓದುವುದು ಚೆನ್ನ. ಆದರೆ ಇದು ಮೊದಲೇ ಪರಿಚಯ ಇರುವವರಿಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಕೂಟದ ವಾಟ್ಸಾಪ್ ಗ್ರೂಪನ್ನು ಮಾತ್ರ ಮ್ಯೂಟ್ ಮಾಡಿ. ಬೆಳಗಿನ ಐದಕ್ಕೆ ಹೂವಿನ ಚಿತ್ರದ ಮೇಲೆ ವಚನ ಶುರುವಾಗುತ್ತದೆ.

ಜನ ಹೆಚ್ಚಾಗಿದ್ದಾರೆ ಅನ್ನುವುದು ಈಗಿನ ತಲೆನೋವು. ಸಿರಿಯಾದ ದುರಾ ಯೂರೋಪೋಸ್ ಎಂಬ ಪ್ರಾಚೀನ ಪಟ್ಟಣದಲ್ಲಿ ಅಗೆದಾಗ ಸಿಕ್ಕ ಮೂರನೆಯ ಶತಮಾನದ ಮನೆಯೊಂದರಲ್ಲಿ, ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಸಭೆಗೆ ಜಾಗ ಮಾಡಿಕೊಂಡದ್ದು ಕಾಣುತ್ತದೆ. ಮೇಷ್ಟ್ರು ಇದನ್ನು ಹೇಳಿದಾಗ ಮನೆಯ ಯಜಮಾನರು ‘ನಮ್ಮದು ಬಾಡಿಗೆ ಮನೆ’ ಅಂದರು. ಹಾಗಾಗಿ ಕೂಟವನ್ನು ಎರಡು ಮಾಡುವ ಮಾತು ನಡೆದಿದೆ. ನನಗೆ ಇಷ್ಟವಿಲ್ಲ. ಆದರೆ ಇಪ್ಪತ್ತು ಜನ ಆದರೆ ಬಾರದವರು ಯಾರು ಅಂತ ಕಣ್ಣಿಗೇ ಬೀಳುವುದಿಲ್ಲ ಅನ್ನುವ ಮೇಷ್ಟ್ರ ಮಾತಿಗೆ ಎದುರುತ್ತರವೂ ಇಲ್ಲ.

ಒಂಟಿಯಾಗಿರುವವರು, ಪಾಳಿಯಲ್ಲಿ ಕೆಲಸ ಮಾಡುವವರು, ಹೊಸ ಜಾಗಕ್ಕೆ ಬಂದವರು ಧೈರ್ಯವಾಗಿ ಬನ್ನಿ. ಆಳವಾದ ಬೈಬಲ್ ಅಧ್ಯಯನ ಬೇಕಾದವರಿಗೆ ಇದು ಸಾಲದು. ಯಾರೂ ನನ್ನ ತಂಟೆಗೆ ಬರಬಾರದು, ಸುಮ್ಮನೆ ಕೂತು ಹೋಗುತ್ತೇನೆ ಅನ್ನುವವರಿಗೂ ಆಗಿಬರುವುದಿಲ್ಲ, ಮರುದಿನ ಫೋನ್ ಬಂದೇ ಬರುತ್ತದೆ. ಬೇರೆ ಕೂಟ ನೋಡುವವರಿದ್ದರೆ, ಮೊದಲ ದಿನವೇ ಅಲ್ಲಿಯ ನಾಯಕರನ್ನು ‘ಹೋದ ವಾರ ಯಾರು ಬಂದಿರಲಿಲ್ಲ, ಯಾಕೆ?’ ಅಂತ ಕೇಳಿ. ತಡವರಿಸಿದರೆ ಮುಂದಿನ ಮನೆ ನೋಡಿ.

ಐದಕ್ಕೆ ನಾಲ್ಕು ಸ್ಟಾರ್. ಅರ್ಧ ಹೋದದ್ದು ಗುಟ್ಟಿನ ವಿಷಯಕ್ಕೆ. ಇನ್ನರ್ಧ ಮೆಟ್ಟಿಲಿಗೆ: ಕೈಹಿಡಿ ಇಲ್ಲದ ಕಡಿದಾದ ಮೆಟ್ಟಿಲು, ಕೂಟದ ಅಜ್ಜಿಯನ್ನು ಇಬ್ಬರು ಹಿಡಿದು ಹತ್ತಿಸಬೇಕು, ಇಳಿಸುವಾಗ ನನಗೆ ಎದೆ ಡವಡವ. ಓನರ್ ಹತ್ತಿರ ಮಾತಾಡಿ ಕೈಹಿಡಿ ಹಾಕಿಸಿದ ದಿನ ಆ ಅರ್ಧ ವಾಪಸ್ ಕೊಡುತ್ತೇನೆ.